ಕ್ರಾಫ್ಟ್ ಪೀರಿಯಡ್ಡು ಮತ್ತು ಸರ್ಕಾರದ ದುಡ್ಡು



ಕಳೆದ ಜೂನ್ ತಿಂಗಳಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರವೊಂದು ಬಂದಿತು. ಅವನೀಗ ತುಮಕೂರಿನಲ್ಲಿ ನೆಲೆಸಿರುವ ಗೃಹಸ್ಥ. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಬಂದಿದ್ದಾಳೆ. ಅಲ್ಲಿ ತೃತೀಯ ಭಾಷೆಯಾದ ಹಿಂದಿಯನ್ನು ಓದಬಹುದು, ಇಲ್ಲವೇ ಅದರ ಬದಲಿಗೆ ಎನ್.ಎಸ್.ಕ್ಯು.ಎಫ್. ಎಂಬ ವೃತ್ತಿ ಶಿಕ್ಷಣದ ವಿಷಯವನ್ನು ತೆಗೆದುಕೊಳ್ಳಬಹುದು ಎಂದರಂತೆ. "ಸಾರ್, ಓದಲಿಕ್ಕೆ ಕಳಿಸಿದ ಮಗಳನ್ನು ಕಸುಬಿಗೆ ಹಾಕಿದಂತಾಗುವುದಿಲ್ಲವೇ? ಸರ್ಕಾರ ಇದಕ್ಕೆಲ್ಲ ಯಾಕೆ ದುಡ್ಡು ಸುರಿಯುತ್ತಿದೆ?" ಎಂದು ಕೇಳಿದ್ದಾನೆ. ಪ್ರಶ್ನೆ ಎರಡೇ ಸಾಲಿನದು. ಆದರೆ ಅದಕ್ಕೆ ಎರಡು ಸಾಲಿನಲ್ಲಿ ಉತ್ತರಿಸುವುದು ನನ್ನಿಂದಾಗದು. ಮೂವತ್ತೈದು ವರ್ಷ ಸರ್ಕಾರಿ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸಿ, ಕೊನೆಯ ಕೆಲವು ವರ್ಷ ಮುಖ್ಯೋಪಾಧ್ಯಾಯನಾಗಿ ದುಡಿದ ನಾನು ಈ ವಿಷಯವನ್ನು ಬೆಂಚಿನ ಮೇಲೆ ಕುಳಿತೂ ನೋಡಿದ್ದೇನೆ, ಕುರ್ಚಿಯ ಮೇಲೆ ಕುಳಿತೂ ನೋಡಿದ್ದೇನೆ. ಆದುದರಿಂದ ಅವನೊಬ್ಬನಿಗೆ ಬರೆಯಬೇಕಾದುದನ್ನು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಗೆ ಸೇರಿದ್ದು 1972ರಲ್ಲಿ. ನಮ್ಮ ಶಾಲೆಯ ಫಲಕದ ಮೇಲೆ 'ಬಹೂದ್ದೇಶ ಪ್ರೌಢಶಾಲೆ' ಎಂದು ಬರೆದಿತ್ತು. ಊರಿನವರು 'ಮಲ್ಟಿಪರ್ಪಸ್ಸು' ಎನ್ನುತ್ತಿದ್ದರು. ಆ ಹೆಸರಿನ ಮೂಲ ನನಗೆ ತಿಳಿದದ್ದು ಬಿ.ಎಡ್. ಓದುವಾಗ. 1952–53ರ ಮುದಲಿಯಾರ್ ಆಯೋಗವು, ಎಲ್ಲ ಮಕ್ಕಳೂ ಕಾಲೇಜಿಗೇ ಹೋಗುವವರೆಂದು ಭಾವಿಸಿ ಶಾಲೆ ನಡೆಸಬಾರದು, ಒಂದೇ ಸೂರಿನಡಿ ತಾಂತ್ರಿಕ, ಕೃಷಿ, ವಾಣಿಜ್ಯ ಮುಂತಾದ ವಿಭಾಗಗಳಿರಬೇಕು ಎಂದು ಶಿಫಾರಸು ಮಾಡಿತ್ತು. ಅದರ ಫಲವಾಗಿ ಹುಟ್ಟಿದ ಶಾಲೆಗಳಲ್ಲಿ ನಮ್ಮದೂ ಒಂದು. ನಾವು ಸೇರುವ ಹೊತ್ತಿಗೆ ಉದ್ದೇಶಗಳಲ್ಲಿ ಬಹುಪಾಲು ಹೋಗಿ ಹೆಸರು ಮಾತ್ರ ಉಳಿದಿತ್ತು. ಆದರೆ ಶಾಲೆಯ ಹಿಂಭಾಗದಲ್ಲಿ ಮಂಗಳೂರು ಹೆಂಚಿನ ಒಂದು ಉದ್ದನೆಯ ಕೋಣೆಯಿತ್ತು, ಅದರಲ್ಲಿ ನಾಲ್ಕು ಮರಗೆಲಸದ ಮೇಜುಗಳಿದ್ದವು, ಮತ್ತು ನಮ್ಮ ಕ್ರಾಫ್ಟ್ ಮೇಷ್ಟ್ರು ಇದ್ದರು.

ಅವರು ಪದವೀಧರರಲ್ಲ. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಬಾಗಿಲ ಪಕ್ಕದಲ್ಲಿರುತ್ತಿತ್ತು. ವೇತನ ಶ್ರೇಣಿಯಲ್ಲಿ ಅವರು ಉಳಿದ ಶಿಕ್ಷಕರಿಗಿಂತ ಕೆಳಗಿದ್ದರೆಂಬುದು ಹುಡುಗರಾದ ನಮಗೂ ಗೊತ್ತಿತ್ತು, ಏಕೆಂದರೆ ಅವರೇ ಅದನ್ನು ಆಗಾಗ ಹೇಳುತ್ತಿದ್ದರು. ಆದರೆ ಉಳಿ ಹಿಡಿದರೆಂದರೆ ಅವರ ಮುಂದೆ ಬೇರೆ ಯಾವ ಮೇಷ್ಟ್ರೂ ನಿಲ್ಲುತ್ತಿರಲಿಲ್ಲ. ಹಲಗೆಯ ಅಂಚನ್ನು ಕೀಸಿ, ಮಟ್ಟಗೋಲಿಟ್ಟು, ಬೆಳಕಿಗೆ ಹಿಡಿದು, "ಬೆಳಕು ನುಗ್ಗುತ್ತಿದೆಯೇನೋ ನೋಡು" ಎನ್ನುತ್ತಿದ್ದರು. ಸರಳರೇಖೆ ಎಂದರೇನೆಂಬುದು ನನಗೆ ಮನವರಿಕೆಯಾದದ್ದು ಅಲ್ಲಿ, ರೇಖಾಗಣಿತದ ಪುಸ್ತಕದಲ್ಲಿ ಅಲ್ಲ. ಮುಂದೆ ನಾನು ಗಣಿತದ ಮೇಷ್ಟ್ರಾದಾಗ ಮೂರು–ನಾಲ್ಕು–ಐದರ ತ್ರಿಕೋನವನ್ನು ಹೇಳಿಕೊಟ್ಟದ್ದು, ಚೌಕಟ್ಟಿನ ಮೂಲೆ ಸರಿಯಾಗಿದೆಯೇ ಎಂದು ಅವರು ದಾರ ಹಿಡಿದು ಅಳೆಯುತ್ತಿದ್ದ ಕ್ರಮದಲ್ಲಿಯೇ. ನಿಮ್ಮಲ್ಲಿ ಕೆಲವರಿಗೆ ಆ ದಾರ ನೆನಪಿರಬಹುದು.

ಅವರು ನಿವೃತ್ತರಾದರು. ಹುದ್ದೆ ತುಂಬಲಿಲ್ಲ. ಮರದ ಮೇಜುಗಳ ಮೇಲೆ ಚುನಾವಣೆಯ ಸಾಮಗ್ರಿ ಬಂದು ಕುಳಿತಿತು. ಇದು ನಾನು ಕಂಡ ಮೊದಲನೆಯ ಸಮಾಧಿ. ಅನಂತರ ಇನ್ನೂ ಎರಡನ್ನು ಕಂಡೆ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು, ಬೇಸರಿಸಬೇಡಿ. ಶಾಲೆಯಲ್ಲಿ ಕೈಕೆಲಸ ಎಂದೊಡನೆ ನಮ್ಮವರು ಗಾಂಧೀಜಿಯವರ ಹೆಸರು ಹೇಳುತ್ತಾರೆ. 1937ರ ಅಕ್ಟೋಬರ್ ತಿಂಗಳಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನ, ಅನಂತರ ಜಾಕಿರ್ ಹುಸೇನರ ಸಮಿತಿ, ಮೂಲ ಶಿಕ್ಷಣ, ತಕಲಿ, ಹಂಜಿ, ಇವೆಲ್ಲ ಹಿರಿಯ ಬಂಧುಗಳಿಗೆ ನೆನಪಿರುತ್ತದೆ. ಆದರೆ ಅದರೊಳಗಿನ ಒಂದು ಅಂಶವನ್ನು ನಾವು ಮರೆಯುತ್ತೇವೆ. ಮಕ್ಕಳು ತಯಾರಿಸಿದ ವಸ್ತುಗಳ ಮಾರಾಟದಿಂದಲೇ ಶಾಲೆಯ ಖರ್ಚು, ಮುಖ್ಯವಾಗಿ ಶಿಕ್ಷಕರ ಸಂಬಳ, ಹುಟ್ಟಬೇಕೆಂಬುದು ಗಾಂಧೀಜಿಯವರ ಆಶಯವಾಗಿತ್ತು. ಬಡ ದೇಶ, ಪರಕೀಯ ಸರ್ಕಾರ, ಮದ್ಯದ ಸುಂಕದಿಂದ ಶಾಲೆ ನಡೆಯಬಾರದೆಂಬ ಅವರ ಹಟ, ಇವನ್ನೆಲ್ಲ ನೆನೆದರೆ ಆ ಮಾತು ಅರ್ಥವಾಗುತ್ತದೆ. ಆದರೂ ನಾನು ಅದನ್ನು ಒಪ್ಪಲಾರೆ. ಹತ್ತು ವರ್ಷದ ಮಗು ನೂತ ನೂಲಿನಿಂದ ಮೇಷ್ಟ್ರ ಸಂಬಳ ಬರಬೇಕಾದರೆ ಮೇಷ್ಟ್ರ ಕಣ್ಣು ಮಗುವಿನ ಮೇಲಿರುವುದಿಲ್ಲ, ನೂಲಿನ ಮೇಲಿರುತ್ತದೆ. ಕಲಿಯುವವನಿಗೆ ಹಾಳುಮಾಡುವ ಹಕ್ಕಿರಬೇಕು. ಹತ್ತು ಹಲಗೆ ಕೆಡಿಸದೆ ಹನ್ನೊಂದನೆಯದು ಸರಿಯಾಗುವುದಿಲ್ಲ. ಆ ಹತ್ತು ಹಲಗೆಯ ಬೆಲೆಯನ್ನು ಕೊಡಬೇಕಾದವರು ಯಾರು? ನನ್ನ ಪ್ರಕಾರ ಸರ್ಕಾರವೇ, ಎಂದರೆ ನಾವೆಲ್ಲರೂ.

ಕೊಠಾರಿ ಆಯೋಗ (1964–66) 'ಕಾರ್ಯಾನುಭವ' ಎಂಬ ಹೊಸ ಪದವನ್ನು ಕೊಟ್ಟಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಅದನ್ನು 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂದು ಮಾಡಿತು. ಅದೇ ನಮ್ಮ ಎಸ್.ಯು.ಪಿ.ಡಬ್ಲ್ಯು. ನಾನು 1984ರಲ್ಲಿ ಕೆಲಸಕ್ಕೆ ಸೇರಿದಾಗ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ಡು ಅದಕ್ಕಿತ್ತು, ಹೊಸಬನಾದ ನನ್ನ ತಲೆಗೇ ಅದು ಬಿತ್ತು. ಆ ನಾಲ್ಕು ಅಕ್ಷರಗಳಿಗೆ ಮಕ್ಕಳು 'ಸಮ್ ಯೂಸ್‌ಫುಲ್ ಪೀರಿಯಡ್ ವೇಸ್ಟೆಡ್' ಎಂದು ವಿಸ್ತರಣೆ ಕೊಟ್ಟಿದ್ದರು. ಈ ಹಾಸ್ಯ ಭಾರತದಾದ್ಯಂತ ಎಲ್ಲ ಶಾಲೆಗಳಲ್ಲೂ ಇತ್ತೆಂದು ಆಮೇಲೆ ತಿಳಿಯಿತು. ಪದಗಳು ಬದಲಾದವು, ಸುತ್ತೋಲೆಗಳು ಬಂದವು, ಅಂಕಗಳನ್ನೂ ಇಟ್ಟರು. ಆದರೆ ಸುತ್ತೋಲೆಯ ಜೊತೆ ಒಂದು ಗರಗಸವೂ ಬರಲಿಲ್ಲ. ಸಾದಿಲ್ವಾರು ಖರ್ಚಿನಲ್ಲಿ ಡಸ್ಟರು, ಸೀಮೆಸುಣ್ಣ ಕೊಂಡು ಉಳಿದದ್ದರಲ್ಲಿ ಸುಣ್ಣದಪುಡಿ ತಂದು ಮಕ್ಕಳಿಂದ ಸೀಮೆಸುಣ್ಣ ಮಾಡಿಸಿದೆ, ಬದನೆ ಸಸಿ ನೆಡಿಸಿದೆ. ಬದನೆಕಾಯಿಯನ್ನು ಬೇಸಿಗೆ ರಜೆಯಲ್ಲಿ ಯಾರದೋ ಎಮ್ಮೆ ತಿಂದಿತು. ಇದನ್ನು ಎರಡನೆಯ ಸಮಾಧಿ ಎನ್ನಲಾರೆ. ಹುಟ್ಟಿದ್ದರೆ ತಾನೆ ಸಾಯುವುದು.

ಎರಡನೆಯದು ಜೆ.ಒ.ಸಿ. ನಮ್ಮದು ಆಗ ಸಂಯುಕ್ತ ಪದವಿಪೂರ್ವ ಕಾಲೇಜು. ಒಂದೇ ಕಾಂಪೌಂಡಿನಲ್ಲಿ ಪ್ರೌಢಶಾಲೆಯೂ ಇತ್ತು, ಪಿ.ಯು.ಸಿ.ಯೂ ಇತ್ತು. ಪ್ಲಸ್ ಟೂ ಹಂತದಲ್ಲಿ ವೃತ್ತಿ ಶಿಕ್ಷಣವನ್ನು ಮೊದಲು ಕೈಗೆತ್ತಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1970ರ ದಶಕದ ಕೊನೆಯಲ್ಲಿಯೇ ಇಲ್ಲಿ ಅದು ಆರಂಭವಾಗಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ಲಸ್ ಟೂ ಮಕ್ಕಳಲ್ಲಿ ಶೇಕಡಾ 10ರಷ್ಟು ಮಂದಿ 1990ರೊಳಗೆ, ಶೇಕಡಾ 25ರಷ್ಟು ಮಂದಿ 1995ರೊಳಗೆ ವೃತ್ತಿ ಶಿಕ್ಷಣಕ್ಕೆ ಬರಬೇಕೆಂದಿತು. 1988ರಲ್ಲಿ ಕೇಂದ್ರದ ನೆರವಿನ ಯೋಜನೆ ಬಂದಿತು. 1992ರಲ್ಲಿ ನೀತಿಯನ್ನು ಪರಿಷ್ಕರಿಸಿದಾಗ ಅದೇ ಶೇಕಡಾ 10 ಮತ್ತು 25 ಉಳಿದವು, ವರ್ಷಗಳು ಮಾತ್ರ 1995 ಮತ್ತು 2000 ಆದವು. ಗಣಿತದ ಮೇಷ್ಟ್ರಾದ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಲೆಕ್ಕ ತಪ್ಪಾದಾಗ ಉತ್ತರವನ್ನು ಹಾಗೆಯೇ ಇಟ್ಟು ಪ್ರಶ್ನೆಯನ್ನು ತಿದ್ದಿದ ಹಾಗೆ.

ಆದರೂ ಜೆ.ಒ.ಸಿ.ಯನ್ನು ನಾನು ಹಗುರವಾಗಿ ಕಾಣಲಾರೆ. ರೇಷ್ಮೆ ಕೃಷಿ, ವಿದ್ಯುತ್ ವೈರಿಂಗು, ಗಡಿಯಾರ ರಿಪೇರಿ, ಹೀಗೆ ಹಲವು ಕೋರ್ಸುಗಳಿದ್ದವು. ನಮ್ಮಲ್ಲಿದ್ದದ್ದು ಗಡಿಯಾರ ರಿಪೇರಿ ಮತ್ತು ವೈರಿಂಗು. ತುಮಕೂರಿನಲ್ಲಿ ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆಯಿದ್ದ ಕಾಲ. ಮದುವೆಯಲ್ಲಿ ಅಳಿಯನಿಗೆ ಎಚ್.ಎಂ.ಟಿ. ವಾಚು ಕೊಡುತ್ತಿದ್ದ ಕಾಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮುಟದಿಂದ ಕೂದಲೆಳೆಯಂತಹ ಸ್ಪ್ರಿಂಗು ಎತ್ತುತ್ತಿದ್ದ ಹುಡುಗರನ್ನು ನೋಡಲು ನಾನು ಬಿಡುವಿನಲ್ಲಿ ಹೋಗುತ್ತಿದ್ದೆ. ಬ್ಯಾಟರಿಯ ವಾಚುಗಳು ಬಂದವು. ಅದನ್ನು ರಿಪೇರಿ ಮಾಡುವುದಕ್ಕಿಂತ ಹೊಸದು ಕೊಳ್ಳುವುದು ಅಗ್ಗವಾಯಿತು. ಪಠ್ಯಕ್ರಮ ಮಾತ್ರ ಕೀಲಿ ಕೊಡುವ ಗಡಿಯಾರದಲ್ಲಿಯೇ ನಿಂತಿತ್ತು, ಏಕೆಂದರೆ ಉಪಕರಣಕ್ಕೆ ಹಣ ಬಂದದ್ದು ಒಂದೇ ಸಲ. ಅದನ್ನು ಬದಲಿಸಲು ಮತ್ತೊಮ್ಮೆ ಹಣ ಕೊಡಬೇಕೆಂಬ ಯೋಚನೆ ಯೋಜನೆಯಲ್ಲಿಯೇ ಇರಲಿಲ್ಲ. ಉಪನ್ಯಾಸಕರೆಲ್ಲ ಅರೆಕಾಲಿಕರು. ಹತ್ತು–ಹದಿನೈದು ವರ್ಷ ಅರೆಕಾಲಿಕರಾಗಿಯೇ ತಲೆ ನರೆತವರು ನಮ್ಮಲ್ಲಿದ್ದರು. ಕೊನೆಗೆ 2011ರ ಹೊತ್ತಿಗೆ ಸರ್ಕಾರ ಆ ನೌಕರರನ್ನು ಖಾಯಂ ಸೇವೆಗೆ ವಿಲೀನಗೊಳಿಸಲು ಕಾಯಿದೆ ತಂದಿತು, ಕೋರ್ಸುಗಳು ಮುಚ್ಚಿದವು. ನೌಕರರಿಗೆ ನ್ಯಾಯ ಸಿಕ್ಕಿತಲ್ಲ ಎಂದು ಸಂತೋಷಪಟ್ಟೆ. ಆದರೆ ವೈರಿಂಗು ಕಲಿಸುತ್ತಿದ್ದವರು ಎಲ್ಲಿಯೋ ಕಡತ ನೋಡಿಕೊಳ್ಳುವ ಗುಮಾಸ್ತರಾದುದನ್ನು ಕಂಡಾಗ ಆ ಸಂತೋಷ ಪೂರ್ಣವಾಗಲಿಲ್ಲ.

ಈಗ ಪತ್ರದಲ್ಲಿನ ಆ 'ಕಸುಬಿಗೆ ಹಾಕುವ' ಮಾತಿಗೆ ಬರುತ್ತೇನೆ. ಈ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಕಾರಣವಿದೆ. 1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿಯವರು ಪ್ರಾಥಮಿಕ ಶಾಲೆಯ ಹೊತ್ತನ್ನು ಅರ್ಧಕ್ಕಿಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಯ ಕಸುಬನ್ನು ಕಲಿಯಲಿ ಎಂಬ ಯೋಜನೆ ತಂದರು. ವಿರೋಧಿಗಳು ಅದನ್ನು 'ಕುಲ ಕಲ್ವಿ', ಎಂದರೆ ಕುಲಕಸುಬಿನ ಶಿಕ್ಷಣ ಎಂದು ಕರೆದರು. ಕ್ಷೌರಿಕನ ಮಗ ಕತ್ತಿ ಹಿಡಿಯಬೇಕು, ಚಮ್ಮಾರನ ಮಗ ಅಟ್ಟೆ ಹೊಲಿಯಬೇಕು ಎಂದಾಯಿತಲ್ಲ? ಚಳವಳಿಯಾಯಿತು. 1954ರಲ್ಲಿ ರಾಜಾಜಿ ಅಧಿಕಾರದಿಂದ ಇಳಿದರು, ಅವರ ನಂತರ ಬಂದ ಕಾಮರಾಜರು ಯೋಜನೆಯನ್ನು ಹಿಂತೆಗೆದುಕೊಂಡರು. ರಾಜಾಜಿಯವರ ವಿದ್ವತ್ತಿನ ಬಗೆಗೆ ನನಗೆ ಗೌರವವಿದೆ. ಆದರೆ ಈ ವಿಷಯದಲ್ಲಿ ಚಳವಳಿಯವರೇ ಸರಿ ಎಂದು ನನ್ನ ಅಭಿಪ್ರಾಯ. ಆ ಯೋಜನೆಯ ಆಕರ್ಷಣೆ ಇದ್ದದ್ದೇ ಅದರ ಅಗ್ಗತನದಲ್ಲಿ. ಹೊಸ ಕಟ್ಟಡ ಬೇಡ, ಹೊಸ ಮೇಷ್ಟ್ರು ಬೇಡ, ಎರಡು ಪಾಳಿಯಲ್ಲಿ ಎರಡರಷ್ಟು ಮಕ್ಕಳು. ಸರ್ಕಾರ ಖರ್ಚು ಮಾಡದೆ ಕಸುಬು ಕಲಿಸಲು ಹೊರಟರೆ ಕಲಿಸುವವನು ಅಪ್ಪನೇ ಆಗುತ್ತಾನೆ, ಮಗ ಅಪ್ಪನ ಜಾತಿಯಲ್ಲಿಯೇ ಉಳಿಯುತ್ತಾನೆ. ನಮ್ಮ ಶಾಲೆಯ ಆ ಹೆಂಚಿನ ಕೋಣೆಯಲ್ಲಿ ಹಾಗಿರಲಿಲ್ಲ. ಅಲ್ಲಿ ಶಾನುಭೋಗರ ಮಗ, ಕುರುಬರ ಹಟ್ಟಿಯ ಹುಡುಗ, ಸಾಬರ ಓಣಿಯ ಹುಡುಗ, ಎಲ್ಲರೂ ಒಂದೇ ಕೊಡತಿಗಾಗಿ ಜಗಳವಾಡುತ್ತಿದ್ದೆವು. ಆ ಕೊಡತಿ ಯಾರ ಅಪ್ಪನದೂ ಆಗಿರಲಿಲ್ಲ, ಸರ್ಕಾರದ್ದಾಗಿತ್ತು. 'ಸರ್ಕಾರ ಯಾಕೆ ದುಡ್ಡು ಸುರಿಯಬೇಕು' ಎಂಬ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಬಲವಾದ ಉತ್ತರವಿಲ್ಲ.

ಇನ್ನು ಎನ್.ಎಸ್.ಕ್ಯು.ಎಫ್. ವಿಷಯ. ಇದು 2013ರ ಡಿಸೆಂಬರ್ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು. ಮೊದಲು ಆರ್.ಎಂ.ಎಸ್.ಎ. ಎಂಬ ಮಾಧ್ಯಮಿಕ ಶಿಕ್ಷಾ ಅಭಿಯಾನದಡಿಯಲ್ಲಿ, 2018ರಿಂದ ಸಮಗ್ರ ಶಿಕ್ಷಾ ಯೋಜನೆಯಡಿಯಲ್ಲಿ ಇದಕ್ಕೆ ಹಣ ಬರುತ್ತದೆ. ನಮ್ಮಂಥ ರಾಜ್ಯಕ್ಕೆ ನೂರು ರೂಪಾಯಿಯಲ್ಲಿ ಕೇಂದ್ರದ್ದು ಅರವತ್ತು, ರಾಜ್ಯದ್ದು ನಲವತ್ತು. ಉಪಕರಣ, ಕಚ್ಚಾ ಸಾಮಗ್ರಿ, ತರಬೇತುದಾರರ ಸಂಬಳ, ಕಾರ್ಖಾನೆ ಭೇಟಿ, ಅತಿಥಿ ಉಪನ್ಯಾಸ, ಕೊನೆಯಲ್ಲಿ ಮೌಲ್ಯಮಾಪನ, ಇವೆಲ್ಲಕ್ಕೂ ಪ್ರತ್ಯೇಕ ಬಾಬ್ತು. ನಮ್ಮ ರಾಜ್ಯದಲ್ಲಿ ಆಟೋಮೊಬೈಲ್, ಮಾಹಿತಿ ತಂತ್ರಜ್ಞಾನ, ರಿಟೇಲ್, ಆರೋಗ್ಯ ಸೇವೆ, ಸೌಂದರ್ಯ ಮತ್ತು ಸ್ವಾಸ್ಥ್ಯ, ಇಂತಹ ವಿಷಯಗಳನ್ನಿಟ್ಟು, ತೃತೀಯ ಭಾಷೆಯ ಬದಲಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿಯೇ ಸೇರಿಸಿದರು. (ಹಿಂದಿ ಮೇಡಂ ಆ ವರ್ಷ ನನ್ನೊಡನೆ ಎರಡು ವಾರ ಸರಿಯಾಗಿ ಮಾತನಾಡಲಿಲ್ಲ. ಅವರ ಪೀರಿಯಡ್ಡು ಕಡಿಮೆಯಾದರೆ ಹೆಚ್ಚುವರಿ ಎಂದು ವರ್ಗಾವಣೆಯಾಗುವ ಭಯ. ಅದೂ ನ್ಯಾಯವಾದದ್ದೇ.) ಪರೀಕ್ಷೆಯೊಳಕ್ಕೆ ತಂದದ್ದು ಒಳ್ಳೆಯ ಕೆಲಸ. ನಮ್ಮ ದೇಶದಲ್ಲಿ ಅಂಕವಿಲ್ಲದ್ದನ್ನು ಯಾರೂ ಕಲಿಯುವುದಿಲ್ಲ, ಕಲಿಸುವುದೂ ಇಲ್ಲ.

ನಮ್ಮ ಶಾಲೆಗೆ ಆಟೋಮೊಬೈಲೂ ಐ.ಟಿ.ಯೂ ಬಂದವು. ಸ್ಪ್ಯಾನರುಗಳು, ಜಾಕು, ಕತ್ತರಿಸಿ ಒಳಭಾಗ ತೋರಿಸುವಂತೆ ಮಾಡಿದ ಒಂದು ಎಂಜಿನ್ನು ಬಂದವು. ಆಯುಧಪೂಜೆಯ ದಿನ ಮಕ್ಕಳು ಆ ಎಂಜಿನ್ನಿಗೆ ಬೂದುಗುಂಬಳ ಒಡೆದದ್ದನ್ನು ನೋಡಿ, ಇನ್ನು ಇದು ಉಳಿದೀತು ಎಂದುಕೊಂಡೆ.

ಆದರೆ ತರಬೇತುದಾರರು ಶಾಲೆಯ ನೌಕರರಲ್ಲ. ಅವರನ್ನು ನೇಮಿಸಿದ್ದು ಗುತ್ತಿಗೆ ಪಡೆದ ಒಂದು ಏಜೆನ್ಸಿ. ಹಣ ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಯೋಜನಾ ಕಚೇರಿಗೆ, ಅಲ್ಲಿಂದ ಏಜೆನ್ಸಿಗೆ, ಏಜೆನ್ಸಿಯಿಂದ ಆ ಹುಡುಗನ ಖಾತೆಗೆ ಹರಿಯಬೇಕು. ಹೇಮಾವತಿ ನಾಲೆಯ ಕೊನೆಯ ಭಾಗದ ರೈತರಾದ ನನ್ನ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಆಟೋಮೊಬೈಲ್ ತರಬೇತುದಾರ ಡಿಪ್ಲೊಮಾ ಮಾಡಿದ, ಇಪ್ಪತ್ತಾರು–ಇಪ್ಪತ್ತೇಳರ ಚುರುಕಾದ ಹುಡುಗ. ಒಂದು ವರ್ಷ ಐದು ತಿಂಗಳು ಅವನಿಗೆ ಸಂಬಳ ಬರಲಿಲ್ಲ. ಬಸ್ಸಿನ ಪಾಸಿಗೆ ನಾವು ಶಿಕ್ಷಕರೇ ಕೈಯಿಂದ ಹಾಕಿ ಕೊಟ್ಟೆವು. ಏಜೆನ್ಸಿಗೆ ಪತ್ರ ಬರೆದರೆ ಮೇಲಿನಿಂದ ಹಣ ಬಂದಿಲ್ಲ ಎನ್ನುತ್ತಿದ್ದರು, ಮೇಲೆ ಕೇಳಿದರೆ ಏಜೆನ್ಸಿ ಲೆಕ್ಕ ಕೊಟ್ಟಿಲ್ಲ ಎನ್ನುತ್ತಿದ್ದರು. ಡಿಸೆಂಬರ್ ತಿಂಗಳಿನಲ್ಲಿ ಅವನು ಕೈಮುಗಿದು, "ಸಾರ್, ಶೋರೂಮಿನಲ್ಲಿ ಕೆಲಸ ಸಿಕ್ಕಿದೆ" ಎಂದ. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹತ್ತನೆಯ ತರಗತಿಯ ಇಪ್ಪತ್ತಾರು ಮಕ್ಕಳು ಪ್ರಾಯೋಗಿಕ ಪರೀಕ್ಷೆಗೆ ಎರಡು ತಿಂಗಳಿರುವಾಗ ಮೇಷ್ಟ್ರಿಲ್ಲದಾದರು. ಕಚ್ಚಾ ಸಾಮಗ್ರಿಯ ಹಣ ಬಂದದ್ದು ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ, ಮಕ್ಕಳು ಪರೀಕ್ಷೆಯ ಕೊಠಡಿಯಲ್ಲಿದ್ದಾಗ. ಮೂವತ್ತೊಂದರೊಳಗೆ ಖರ್ಚು ಮಾಡಿ ಹಣಬಳಕೆ ಪ್ರಮಾಣಪತ್ರ ಕಳಿಸಬೇಕು. ಎಂಜಿನ್ ಆಯಿಲ್ ಡಬ್ಬಗಳನ್ನು ಕೊಂಡು ಬೀರುವಿನಲ್ಲಿಟ್ಟು ಸ್ಟಾಕ್ ಪುಸ್ತಕದಲ್ಲಿ ಬರೆದೆ.

ಮಕ್ಕಳ ಕೈ ಬಿಡಲಾಗದೆ, ಊರಿನ ಬಸ್ ನಿಲ್ದಾಣದ ಪಕ್ಕದ ಗ್ಯಾರೇಜಿನ ಸಾಬಿಯನ್ನು ಶನಿವಾರ ಮಧ್ಯಾಹ್ನ ಬಂದು ಹೇಳಿಕೊಡುವಂತೆ ಕೇಳಿಕೊಂಡೆ. ಅತಿಥಿ ಉಪನ್ಯಾಸಕರೆಂದು ಅವರ ಹೆಸರು ಬರೆಯಲು ವಿದ್ಯಾರ್ಹತೆಯ ಕಾಲಂ ಅಡ್ಡ ಬಂದಿತು. ಅವರು ದುಡ್ಡಿನ ಮಾತೆತ್ತದೆ ಆರು ಶನಿವಾರ ಬಂದರು.

ಆ ತಂಡದಲ್ಲಿ ಆರು ಹುಡುಗಿಯರಿದ್ದರು. ಅವರಲ್ಲೊಬ್ಬಳ ತಂದೆ ಶಾಲೆಗೇ ಬಂದು, "ಹೆಣ್ಣುಮಗಳ ಕೈಗೆ ಸ್ಪ್ಯಾನರ್ ಕೊಟ್ಟಿದ್ದೀರಲ್ಲ ಸ್ವಾಮಿ, ನಾಳೆ ಯಾರು ಮದುವೆಯಾಗುತ್ತಾರೆ?" ಎಂದು ರೇಗಿದ್ದರು. ಅವಳನ್ನೇ ಕರೆದು ಅವರ ಟಿ.ವಿ.ಎಸ್. ಮೊಪೆಡ್ಡಿನ ಪ್ಲಗ್ಗು ಬಿಚ್ಚಿ ಉಜ್ಜಿ ಹಾಕು ಎಂದೆ. ಹಾಕಿದಳು. ಅವರು ಏನೂ ಹೇಳದೆ ಗಾಡಿ ಹತ್ತಿ ಹೋದರು. ಆ ಹುಡುಗಿ ಎಸ್.ಎಸ್.ಎಲ್.ಸಿ. ಆದ ಮೇಲೆ ಇದನ್ನೇ ಮುಂದುವರಿಸಬೇಕೆಂದು ಬಂದಳು. ನಮ್ಮ ಊರಿನ ಪಿ.ಯು. ಕಾಲೇಜಿನಲ್ಲಿ ಆ ವಿಷಯವಿರಲಿಲ್ಲ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ಹಂತವೆಂದು ಕಾಗದದಲ್ಲಿತ್ತು, ನಮ್ಮೂರಿನಲ್ಲಿ ಎರಡು ಮೆಟ್ಟಿಲಿಗೇ ಏಣಿ ಮುಗಿದಿತ್ತು. ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕಿಸಿದೆವು, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದಳು. ಈಗ ಬೆಂಗಳೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿದ್ದಾಳೆ. ಅವಳೊಡನಿದ್ದ ಉಳಿದ ಐವರು ಹುಡುಗಿಯರು ಕಲಾ ವಿಭಾಗಕ್ಕೆ ಹೋದರು. ಒಂದು ಗೆಲುವನ್ನು ಹೇಳಿ ಐದನ್ನು ಮುಚ್ಚಿಡುವುದು ಸರಿಯಲ್ಲವಾದ್ದರಿಂದ ಇದನ್ನೂ ಬರೆದೆ.

ಅಂಕಿಅಂಶ ಬೇಕೆನ್ನುವವರಿಗೆ ಎರಡನ್ನು ಹೇಳುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪುಸ್ತಕದಲ್ಲಿಯೇ ಬರೆದಿದೆ: ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜಿನ ಪ್ರಕಾರ 19ರಿಂದ 24 ವಯಸ್ಸಿನ ನಮ್ಮ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಶೇಕಡಾ 5ಕ್ಕಿಂತ ಕಡಿಮೆ, ಅಮೆರಿಕದಲ್ಲಿ 52, ಜರ್ಮನಿಯಲ್ಲಿ 75, ದಕ್ಷಿಣ ಕೊರಿಯಾದಲ್ಲಿ 96. 2023–24ರ ಆರ್ಥಿಕ ಸಮೀಕ್ಷೆಯಲ್ಲಿ 15ರಿಂದ 29 ವಯಸ್ಸಿನವರ ಲೆಕ್ಕ ಕೊಟ್ಟಿದ್ದಾರೆ. ಔಪಚಾರಿಕ ತರಬೇತಿ ಪಡೆದವರು ಶೇಕಡಾ 4.4, ಅನೌಪಚಾರಿಕವಾಗಿ ಕಲಿತವರು ಶೇಕಡಾ 16.6. ಎಂದರೆ ಈ ದೇಶದ ದೊಡ್ಡ ವೃತ್ತಿ ಶಾಲೆ ನಮ್ಮ ಗ್ಯಾರೇಜಿನ ಸಾಬಿಯಂಥವರದೇ, ಸಂಬಳವಿಲ್ಲದ ಮೇಷ್ಟ್ರುಗಳದು. ಅದೇ 2020ರ ನೀತಿಯು 2025ರೊಳಗೆ ಶಾಲಾ ಕಾಲೇಜುಗಳ ಕನಿಷ್ಠ ಶೇಕಡಾ 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದಿತ್ತು. 1990, 1995, 2000ದ ಸಾಲಿಗೆ ಇನ್ನೊಂದು ಇಸವಿ ಸೇರಿತು.

ಹಣವೇ ಇಲ್ಲವೆನ್ನುವಂತಿಲ್ಲ. 2022ರ ಜೂನ್ ತಿಂಗಳಿನಲ್ಲಿ ನಮ್ಮ ರಾಜ್ಯದ 150 ಐ.ಟಿ.ಐ.ಗಳನ್ನು ತಾಂತ್ರಿಕ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ ಪ್ರಧಾನಿಯವರು ಉದ್ಘಾಟಿಸಿದರು. ಉದ್ಯಮಗಳ ಪಾಲೂ ಸೇರಿ 4,700 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚ. ಅಂತಹ ಒಂದನ್ನು ನೋಡಿಬಂದೆ, ಯಂತ್ರಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಐ.ಟಿ.ಐ. ತಲಪುವುದು ಶಾಲೆ ಮುಗಿಸಿದವನು, ಅಷ್ಟರಲ್ಲಾಗಲೇ ಹಾದಿ ಆರಿಸಿಕೊಂಡವನು. ಪ್ರೌಢಶಾಲೆಯ ಕೋಣೆ ಇರುವುದು ಹಾದಿಯನ್ನು ಇನ್ನೂ ಆರಿಸದವನಿಗಾಗಿ. ಅದಕ್ಕೆ ಕೋಟಿಗಳು ಬೇಡ. ವರ್ಷವಿಡೀ ಇರುವ, ತಿಂಗಳ ಮೊದಲ ವಾರ ಸಂಬಳ ಪಡೆಯುವ ಒಬ್ಬ ಮೇಷ್ಟ್ರು ಬೇಕು, ಮತ್ತು ಜೂನ್ ತಿಂಗಳಿನಲ್ಲಿ ಬರುವ ಸಣ್ಣ ಮೊತ್ತ ಬೇಕು.

ಪತ್ರ ಬರೆದವನಿಗೆ ನನ್ನ ಉತ್ತರ: ಮಗಳಿಗೆ ಇಷ್ಟವಿದ್ದರೆ ಧಾರಾಳವಾಗಿ ತೆಗೆದುಕೊಳ್ಳಲಿ. ಇದರಿಂದ ಅವಳ ಕಾಲೇಜಿನ ಬಾಗಿಲು ಮುಚ್ಚುವುದಿಲ್ಲ. ಹಿಂದಿಯನ್ನು ಸಿನಿಮಾ ನೋಡಿಯೂ ಕಲಿಯಬಹುದು (ಹಿಂದಿ ಮೇಡಂ ಕ್ಷಮಿಸಬೇಕು). ಆದರೆ ಸೇರಿಸುವ ಮೊದಲು ಶಾಲೆಗೆ ಹೋಗಿ ಮೂರು ವಿಷಯ ಕೇಳು. ತರಬೇತುದಾರರು ಈ ವರ್ಷ ಯಾವ ತಿಂಗಳಿನಲ್ಲಿ ಬಂದರು? ಅವರಿಗೆ ಕೊನೆಯ ಸಂಬಳ ಯಾವಾಗ ಆಯಿತು? ಉಪಕರಣದ ಬೀರುವಿನ ಬೀಗದ ಕೈ ಯಾರ ಬಳಿ ಇದೆ?

ನಿಮ್ಮಲ್ಲಿ ಕನಿಷ್ಠ ಏಳೆಂಟು ಮಂದಿ ಈಗ ನಿಮ್ಮ ನಿಮ್ಮ ಊರಿನ ಎಸ್.ಡಿ.ಎಂ.ಸಿ.ಯಲ್ಲಿದ್ದೀರೆಂದು ನನಗೆ ಗೊತ್ತು. ನೀವೂ ಮುಂದಿನ ಸಭೆಯಲ್ಲಿ ಇದನ್ನೇ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಏನು ಉತ್ತರ ಬಂದಿತೆಂದು ನನಗೂ ತಿಳಿಸಿದರೆ, ಎಲ್ಲವನ್ನೂ ಒಟ್ಟು ಮಾಡಿ ಒಂದು ಮನವಿ ಬರೆಯುವ ಕೆಲಸ ನನ್ನದು. ಅಕ್ಷರ ಇನ್ನೂ ದುಂಡಗಿದೆ.